ಅಗ್ಗದ ಸೈಕಲ್ಲೂ ಅದರ ಬಾಳಿಕೆಯೂ

ಅಗ್ಗದ ಪದಾರ್ಥವೆಲ್ಲವೂ ಕೆಟ್ಟದ್ದಲ್ಲ. ಆದರೆ ಅಗ್ಗದಲ್ಲಿ ಎರಡು ಬಗೆಯುಂಟು: ಆಡಂಬರವನ್ನು ಬಿಟ್ಟು ಮಾಡಿದ ಅಗ್ಗ ಒಂದು, ಸತ್ತ್ವವನ್ನೇ ಬಿಟ್ಟು ಮಾಡಿದ ಅಗ್ಗ ಇನ್ನೊಂದು. ಬಟ್ಟೆ, ಪಾತ್ರೆ, ಆಟದ ಸಾಮಾನುಗಳನ್ನೆಲ್ಲ ಒಂದೇ ಸೂರಿನಡಿಯಲ್ಲಿ ಮಾರುವ ಅಮೆರಿಕದ ದೊಡ್ಡ ಅಂಗಡಿಗಳ ಸೈಕಲ್ಲುಗಳನ್ನು ನೋಡಿದರೆ ಈ ಭೇದವು ಸ್ಪಷ್ಟವಾಗುವುದು.

ಷಿಕಾಗೋ ನಗರದಲ್ಲಿ 1895ರಲ್ಲಿ ಸ್ಥಾಪಿತವಾದ ಶ್ವಿನ್ ಕಂಪನಿಯ ಚರಿತ್ರೆ ಇದಕ್ಕೊಂದು ನಿದರ್ಶನ. ಆರ್ಥಿಕ ಮುಗ್ಗಟ್ಟಿನ ಕಾಲದಲ್ಲಿ ಅದು ಬೆಲೆಯಿಳಿಸುವ ಪೈಪೋಟಿಯನ್ನೇ ನೆಚ್ಚದೆ, 1933ರಲ್ಲಿ ದಪ್ಪ ಟೈರಿನ ದೃಢವಾದ ಸೈಕಲ್ಲನ್ನು ಹೊರತಂದು ಹೆಸರು ಗಳಿಸಿತು. 1992ರಲ್ಲಿ ಅದು ದಿವಾಳಿಯೆದ್ದಿತು. 2001ರಲ್ಲಿ ಮತ್ತೊಮ್ಮೆ ಅದೇ ಗತಿಯಾಯಿತು. ಆಗ ಆ ಹೆಸರನ್ನು ಕೊಂಡವರು ದೊಡ್ಡ ಅಂಗಡಿಗಳಲ್ಲಿಯೂ ಆ ಹೆಸರಿನ ಅಗ್ಗದ ಸೈಕಲ್ಲುಗಳನ್ನು ಮಾರಿದರು. ಚೌಕಟ್ಟಿನ ಮೇಲಿನ ಹೆಸರು ಒಳಗಿನ ಲೋಹಕ್ಕೆ ಸಾಕ್ಷಿಯಲ್ಲವೆಂಬುದನ್ನು ಕೊಳ್ಳುವವರು ಮರೆಯಬಾರದು.

ಹಾಗಾದರೆ ಕೊರತೆಯಿರುವುದೆಲ್ಲಿ? ಹೊರಗಣ್ಣಿಗೆ ಕಾಣದ ಎಡೆಗಳಲ್ಲಿ. ಅತಿ ಅಗ್ಗದ ಸೈಕಲ್ಲಿನ ಹಿಂದಿನ ಅಚ್ಚು ಮೆದುವಾದ ಉಕ್ಕಿನದು. ಹಲವು ಹಲ್ಲುಚಕ್ರಗಳಿದ್ದಲ್ಲಿ ಅದರ ಬಲತುದಿಗೆ ಆಸರೆಯೂ ಕಡಮೆ. ಆದುದರಿಂದ ಭಾರ ಬಿದ್ದರೆ ಅದು ಬಾಗುವುದು, ಕೆಲವೊಮ್ಮೆ ಮುರಿಯುವುದು. ಕಡ್ಡಿಗಳ ಬಿಗುವು ಸಮವಾಗಿಲ್ಲದಿದ್ದರೆ ಗಾಲಿ ಬೇಗ ಸೊಟ್ಟಗಾಗುತ್ತದೆ. ಉಕ್ಕಿನ ರಿಮ್ಮು ಮಳೆಯಲ್ಲಿ ನೆನೆದಾಗ ರಬ್ಬರಿನ ಬ್ರೇಕು ಅದನ್ನು ಸರಿಯಾಗಿ ಹಿಡಿಯಲಾರದು. ಮುಂಭಾಗದ ಸ್ಪ್ರಿಂಗುಗಳು ಬಹುಮಟ್ಟಿಗೆ ಅಲಂಕಾರಕ್ಕೆ; ಅವುಗಳಿಂದ ಭಾರ ಹೆಚ್ಚುವುದೇ ಹೊರತು ಸುಖ ಹೆಚ್ಚುವುದಿಲ್ಲ. ಇದರ ಮೇಲೆ, ಸೈಕಲ್ಲಿನ ಕೆಲಸವನ್ನು ಕಲಿಯದ ಕೈಗಳು ಅಂಗಡಿಯಲ್ಲಿ ಅದನ್ನು ಜೋಡಿಸುವುದುಂಟು. ಮುಂದಿನ ಫೋರ್ಕನ್ನು ಹಿಂದುಮುಂದಾಗಿ ತೊಡಿಸಿರುವ ಸೈಕಲ್ಲುಗಳೂ ಮಾರಾಟಕ್ಕೆ ನಿಂತಿರುವುದನ್ನು ಕಾಣಬಹುದು.

ಇಂತಹ ಸೈಕಲ್ಲು ಕೆಟ್ಟರೆ ರಿಪೇರಿಯ ವೆಚ್ಚವು ಅದರ ಬೆಲೆಯನ್ನೇ ಮೀರುವುದು. ಮೂಗಿಗಿಂತ ಮೂಗುತಿ ಭಾರವಾಗುವುದು. ಸಿರಿವಂತನಿಗೆ ಇದು ಸಣ್ಣ ನಷ್ಟ. ಅದರ ಮೇಲೆಯೇ ಕೆಲಸಕ್ಕೆ ಹೋಗಬೇಕಾದ ಬಡವನಿಗೆ ಅದು ಕೂಲಿಯ ನಷ್ಟ. ಬ್ರೇಕು ತಪ್ಪಿದರೆ ಪ್ರಾಣಕ್ಕೂ ಸಂಚಕಾರ. ಅಗ್ಗದ ವಸ್ತುವನ್ನು ಪದೇ ಪದೇ ಕೊಳ್ಳುವ ಬಡವನೇ ಕೊನೆಗೆ ಹೆಚ್ಚು ಹಣ ತೆರುತ್ತಾನೆ. ಈ ಅನ್ಯಾಯವನ್ನು ಕಂಡೇ ಅಮೆರಿಕದ ಅನೇಕ ಸೈಕಲ್ ಮೆಕ್ಯಾನಿಕ್ಕುಗಳು 2022ರಲ್ಲಿ ಒಂದು ಮನವಿಗೆ ಸಹಿ ಹಾಕಿದರು. ಅಗ್ಗದ ಸೈಕಲ್ಲಿಗೂ ಕನಿಷ್ಠ ಬಾಳಿಕೆಯಿರಲಿ, ಅದು ದುರಸ್ತಿಗೆ ಒದಗುವಂತಿರಲಿ ಎಂಬುದೇ ಅವರ ಕೋರಿಕೆ.

ಕೊಳ್ಳುವವರು ಬಣ್ಣಕ್ಕೆ ಮರುಳಾಗದೆ ಕೆಲವು ಪರೀಕ್ಷೆಗಳನ್ನು ತಾವೇ ಮಾಡಬಹುದು. ಗಾಲಿಯನ್ನೆತ್ತಿ ತಿರುಗಿಸಿ ಅದು ಓಲಾಡುವುದೇ ನೋಡಿರಿ. ಕಡ್ಡಿಗಳನ್ನು ಎರಡೆರಡಾಗಿ ಹಿಂಡಿ ನೋಡಿರಿ. ಪೆಡಲಿನ ತೋಳನ್ನು ಪಕ್ಕಕ್ಕೆ ಅಲ್ಲಾಡಿಸಿರಿ. ಬಿಡಿಭಾಗಗಳು ಬೇರೆ ಅಂಗಡಿಗಳಲ್ಲಿಯೂ ದೊರೆಯುವುವೇ ಎಂದು ವಿಚಾರಿಸಿರಿ. ಹಲ್ಲುಚಕ್ರಗಳು ಎಷ್ಟು ಕಡಮೆಯೋ ಕೆಡುವ ಭಾಗಗಳೂ ಅಷ್ಟು ಕಡಮೆ. ಅದೇ ಹಣಕ್ಕೆ ಒಳ್ಳೆಯ ಹಳೆಯ ಸೈಕಲ್ಲು ದೊರೆತು, ಅದನ್ನು ಬಲ್ಲವರಿಂದ ಬಿಚ್ಚಿಸಿ ಎಣ್ಣೆ ಹಾಕಿಸಿಕೊಂಡರೆ, ಹೊಸದಕ್ಕಿಂತ ಅದು ಮೇಲು.

ಬೆಲೆಯನ್ನು ಕೊಡುವುದು ಒಂದು ದಿನ; ಸವಾರಿ ಮಾಡುವುದು ಹಲವು ವರ್ಷ. ಬಿಚ್ಚಿ, ತಿದ್ದಿ, ಮತ್ತೆ ಕೂಡಿಸಬಹುದಾದ ಸೈಕಲ್ಲೇ ನಿಜವಾಗಿ ಅಗ್ಗವಾದದ್ದು.