ಭಿನ್ನರಾಶಿ: ಕಣ್ಣಿಗೆ ಕಾಣಿಸುವ ಬಗೆ

‘ಭಿನ್ನ’ವೆಂದರೆ ಒಡೆದದ್ದು, ‘ಛೇದ’ವೆಂದರೆ ಕತ್ತರಿಸುವುದು, ‘ಅಂಶ’ವೆಂದರೆ ಪಾಲು. ಗಣಿತದ ಈ ಮೂರು ಪದಗಳೂ ಸೇರಿ ಒಂದು ಚಿತ್ರವನ್ನೇ ನುಡಿಯುತ್ತವೆ: ಇಡಿಯಾದ ವಸ್ತುವನ್ನು ಸಮನಾಗಿ ಕತ್ತರಿಸಿ ಕೆಲವು ಪಾಲುಗಳನ್ನು ಎತ್ತಿಕೊಂಡದ್ದು. ಆದರೆ ತರಗತಿಯಲ್ಲಿ ಮಕ್ಕಳು ಕಾಣುವುದು ಗೆರೆಯ ಮೇಲೊಂದು, ಕೆಳಗೊಂದು ಅಂಕಿ ಮಾತ್ರ. ಆದಕಾರಣ ಮೂರನೆಯ ಒಂದಕ್ಕಿಂತ ನಾಲ್ಕನೆಯ ಒಂದು ದೊಡ್ಡದೆಂದು ಅನೇಕರು ಧೈರ್ಯವಾಗಿ ಹೇಳುತ್ತಾರೆ. ಮೂರಕ್ಕಿಂತ ನಾಲ್ಕು ದೊಡ್ಡದಷ್ಟೆ!

ನಮ್ಮ ಹಿರಿಯರ ಲೆಕ್ಕದಲ್ಲಿ ಬರವಣಿಗೆಯೇ ಚಿತ್ರವಾಗಿದ್ದಿತು. ಹಳೆಯ ಕಡತಗಳಲ್ಲಿ ಕಾಲಿಗೆ ಒಂದು ನಿಂತ ಗೀಟು, ಅರೆಗೆ ಎರಡು, ಮುಕ್ಕಾಲಿಗೆ ಮೂರು. ಕಾಲಿನ ಕಾಲಾದ ವೀಸಕ್ಕೆ ಓರೆ ಗೀಟು. ಗೀಟುಗಳನ್ನು ಎಣಿಸಿದರೆ ಪಾಲು ತಿಳಿಯುತ್ತಿತ್ತು. 1957ರ ಏಪ್ರಿಲ್ 1ರಂದು ದಶಮಾಂಶ ನಾಣ್ಯ ಬರುವವರೆಗೆ ರೂಪಾಯಿಗೆ 16 ಆಣೆ. ಆಣೆಯೆಂದರೆ ರೂಪಾಯಿಯ ವೀಸವೇ. ಕಾಲು ಮಗ್ಗಿ, ಅರೆ ಮಗ್ಗಿಗಳನ್ನು ಬಾಯಿಪಾಠ ಮಾಡಿದ ಬಾಲಕನು ಸೇರು, ಅಚ್ಚೇರು, ಪಾವುಗಳನ್ನು ಅಂಗಡಿಯಲ್ಲಿ ಕಣ್ಣಾರೆ ಕಾಣುತ್ತಿದ್ದನು. ಹಾಗೆಂದು ಹಳೆಯದನ್ನೇ ಹಾಡಿ ಹೊಗಳಲಾಗದು. ಎಷ್ಟು ಬಾರಿ ಅರೆ ಮಾಡಿದರೂ ಮೂರನೆಯ ಪಾಲು ದೊರೆಯದು.

ಅಲ್ಲಿ ನೆರವಾಗುವುದು ಕಾಗದದ ಪಟ್ಟಿ. ಒಂದೇ ಉದ್ದದ ಎರಡು ಪಟ್ಟಿಗಳಲ್ಲಿ ಒಂದನ್ನು ಮೂರಾಗಿ, ಇನ್ನೊಂದನ್ನು ನಾಲ್ಕಾಗಿ ಮಡಿಸಿ ಪಕ್ಕದಲ್ಲಿರಿಸಿದರೆ, ಪಾಲುಗಾರರು ಹೆಚ್ಚಿದಂತೆ ಪಾಲು ಕಿರಿದಾಗುವುದನ್ನು ವಿದ್ಯಾರ್ಥಿ ತಾನೇ ಕಾಣುತ್ತಾನೆ. (ಬಟವಾಡೆಯೆಂದರೆ ಹಂಚಿಕೆ. ನಮ್ಮ ಬಟವಾಡಿಯ ಹೆಸರು ಕೇಳಿದಾಗಲೆಲ್ಲ ನನಗೆ ಆ ಪದ ನೆನಪಾಗುವುದು ಪಂಡಿತನ ಕಿವಿಚಾಪಲ್ಯ, ಓದುಗರು ಮನ್ನಿಸಬೇಕು.) ಪಟ್ಟಿಗಳ ಉದ್ದ ಮಾತ್ರ ಒಂದೇ ಆಗಿರಬೇಕು. ದೊಡ್ಡ ಮುದ್ದೆಯ ಅರ್ಧವೂ ಸಣ್ಣ ಮುದ್ದೆಯ ಅರ್ಧವೂ ಸಮವಲ್ಲವೆಂಬುದು ದಾಸೋಹದ ಪಂಕ್ತಿಯಲ್ಲಿ ಕುಳಿತ ಯಾವ ಹುಡುಗನಿಗೂ ಗೊತ್ತು.

ನಿಜವಾದ ತೊಡಕು ಸಂಕಲನದಲ್ಲಿದೆ. ಅರ್ಧಕ್ಕೆ ಮೂರನೆಯ ಒಂದನ್ನು ಕೂಡಿಸೆಂದರೆ, ಮೇಲಿನವೆರಡನ್ನೂ ಕೆಳಗಿನವೆರಡನ್ನೂ ಬೇರೆಬೇರೆಯಾಗಿ ಕೂಡಿಸಿ ‘ಐದನೆಯ ಎರಡು’ ಎನ್ನುವವರುಂಟು. ಅದು ಅರ್ಧಕ್ಕಿಂತಲೂ ಕಡಿಮೆ. ಕೂಡಿಸಹೋಗಿ ಇದ್ದದ್ದೂ ಕರಗಿತು! ಕೆಂಪು ಮಸಿಯಲ್ಲಿ ತಪ್ಪು ಗುರುತು ಹಾಕಿ ಸುಮ್ಮನಾಗುವುದಕ್ಕಿಂತ ಒಂದು ಆಯತವನ್ನು ಬರೆಯಿಸುವುದು ಲೇಸು. ಅಡ್ಡಲಾಗಿ ಒಂದು ಗೆರೆ, ಉದ್ದಕ್ಕೆ ಎರಡು ಗೆರೆ. ಸಮನಾದ ಆರು ಮನೆಗಳು. ಅರ್ಧವೆಂದರೆ ಮೂರು ಮನೆ, ಮೂರನೆಯ ಒಂದೆಂದರೆ ಎರಡು ಮನೆ, ಕೂಡಿದರೆ ಆರರಲ್ಲಿ ಐದು. ಛೇದವನ್ನು ಸಮಗೊಳಿಸುವುದೆಂದರೆ ಪಾಲುಗಳನ್ನು ಒಂದೇ ಅಳತೆಯ ಮನೆಗಳಾಗಿ ನೋಡುವುದು. ಇಷ್ಟು ತಿಳಿದ ಮೇಲೆ ಲ.ಸಾ.ಅ. ಹೇಳಿಕೊಡಲಿ. ನೃಪತುಂಗನ ಕಾಲದಲ್ಲಿ, ಸುಮಾರು ಕ್ರಿ.ಶ. 850ರಲ್ಲಿ, ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ದಲ್ಲಿ ಅದನ್ನು ‘ನಿರುದ್ಧ’ವೆಂದು ಕರೆದಿದ್ದಾನೆ. ಭಿನ್ನಗಳ ಪ್ರಕರಣಕ್ಕೆ ಅಲ್ಲಿರುವ ಹೆಸರು ‘ಕಲಾಸವರ್ಣ’, ಎಂದರೆ ಪಾಲುಗಳನ್ನು ಒಂದೇ ವರ್ಣಕ್ಕೆ ತರುವುದು. ಬಣ್ಣದ ಸೀಮೆಸುಣ್ಣ ಹಿಡಿದ ಉಪಾಧ್ಯಾಯರಿಗೆ ಇದಕ್ಕಿಂತ ಒಪ್ಪುವ ಹೆಸರು ಬೇಕೆ?

ಹದಿಮೂರನೆಯ ಏಳು, ಹದಿನೇಳನೆಯ ಒಂಬತ್ತು ಬಂದಾಗ ಆಯತ ಬರೆಯುತ್ತ ಕೂರಲಾಗದು. ಅಷ್ಟು ಹೊತ್ತಿಗೆ ಮನೆಗಳು ಮನಸ್ಸಿನಲ್ಲೇ ಮೂಡುವಂತಿರಬೇಕು. ಹಲಗೆಯ ಚಿತ್ರವನ್ನು ಅಳಿಸಿ, “ಅರ್ಧದ ಮೂರನೆಯ ಒಂದು ಪಾಲು ಎಷ್ಟು?” ಎಂದು ಕೇಳಿ ನೋಡಬಹುದು. “ಆರು ಮನೆಯಲ್ಲಿ ಒಂದು ಮನೆ” ಎಂದು ಹುಡುಗನು ಉತ್ತರಿಸಿದರೆ ಅಂಕಿಗಳ ಲೆಕ್ಕಕ್ಕೆ ಮುಂದುವರಿಯಲು ಅಡ್ಡಿಯಿಲ್ಲ.