‘ಟೈಡ್’ ಮತ್ತು ‘ಅನ್‌ಟೈಡ್’ ಅನುದಾನ: ಅರ್ಥವ್ಯತ್ಯಾಸ

ಸುರಪುರ ತಾಲ್ಲೂಕಿನ ಗ್ರಾಮ ಪಂಚಾಯಿತಿಗಳ ಮಾನ್ಯ ಸದಸ್ಯರು 15ನೇ ಹಣಕಾಸು ಆಯೋಗದ ಕ್ರಿಯಾ ಯೋಜನೆಯಲ್ಲಿ ಕಾಣುವ ಈ ಎರಡು ಪದಗಳ ಭೇದವನ್ನು ಅರಿತಿರುವುದು ಅವಶ್ಯಕ.

‘ಟೈಡ್’ ಎಂದರೆ ನಿರ್ಬಂಧಿತ. 2021-22ರಿಂದ 2025-26ರ ಅವಧಿಯ ಅನುದಾನದಲ್ಲಿ ಶೇ. 60 ಭಾಗ ಇದಕ್ಕೆ ಸೇರಿದ್ದು, ಅದರಲ್ಲಿ ಅರ್ಧ ನೈರ್ಮಲ್ಯಕ್ಕೆ, ಇನ್ನರ್ಧ ಕುಡಿಯುವ ನೀರು, ಮಳೆನೀರು ಸಂಗ್ರಹ ಹಾಗೂ ನೀರಿನ ಮರುಬಳಕೆಗೆ ಮೀಸಲು.

‘ಅನ್‌ಟೈಡ್’ ಎಂದರೆ ಅನಿರ್ಬಂಧಿತ. ಉಳಿದ ಶೇ. 40 ಭಾಗವನ್ನು ಸ್ಥಳೀಯ ಅಗತ್ಯಗಳಿಗೆ ಬಳಸಬಹುದು. ಆದರೆ ಅನಿರ್ಬಂಧಿತವೆಂದ ಮಾತ್ರಕ್ಕೆ ಮನಬಂದಂತೆ ವೆಚ್ಚ ಮಾಡುವಂತಿಲ್ಲ. ವೇತನ ಮತ್ತು ಆಡಳಿತ ವೆಚ್ಚಕ್ಕೆ ಇದನ್ನು ಬಳಸಲು ಅವಕಾಶವಿಲ್ಲ.

ನೀರಿಗೆ ಮೀಸಲಾದ ಹಣ ಸಿ.ಸಿ. ರಸ್ತೆಗೆ ಹೋದರೆ ಬೇಸಿಗೆಯಲ್ಲಿ ಕೊಳವೆಬಾವಿಯ ಮೋಟಾರು ದುರಸ್ತಿಗೂ ಹಣ ಉಳಿಯದು. ಆದ್ದರಿಂದ ಅನುಮೋದನೆಗೆ ಮುನ್ನ ಪ್ರತಿ ಕಾಮಗಾರಿಯ ಮುಂದೆ ಯಾವ ಪದವಿದೆ ಎಂಬುದನ್ನು ಸದಸ್ಯರು ಕಡ್ಡಾಯವಾಗಿ ಪರಿಶೀಲಿಸತಕ್ಕದ್ದು.