ಗಾಡಿ ಎಷ್ಟು ಕೊಡುತ್ತದೆ?

ಹೊಸದಾಗಿ ಪರಿಚಯವಾದವರನ್ನು ‘ಸಂಬಳವೆಷ್ಟು?’ ಎಂದು ಕೇಳಲು ಈಗ ಜನ ಸ್ವಲ್ಪ ಸಂಕೋಚಪಡುತ್ತಾರೆ. ಆದರೆ ಹೊಸದಾಗಿ ಮೋಟಾರ್ ಸೈಕಲ್ ಕೊಂಡವರನ್ನು ‘ಎಷ್ಟು ಕೊಡುತ್ತದೆ?’ ಎಂದು ಕೇಳಲು ಯಾರಿಗೂ ಸಂಕೋಚವಿಲ್ಲ. ಮಧುಗಿರಿಯ ಪೆಟ್ರೋಲ್ ಬಂಕಿನಲ್ಲಿ, ಶಿರಾದ ಚಹಾ ಅಂಗಡಿಯಲ್ಲಿ, ಕೊರಟಗೆರೆಯ ಪೇಟೆಬೀದಿಯಲ್ಲಿ, ಪಾವಗಡದ ಪಂಕ್ಚರ್ ಅಂಗಡಿಯ ಬೆಂಚಿನ ಮೇಲೆ, ಎಲ್ಲೆಲ್ಲಿಯೂ ಇದೇ ಪ್ರಶ್ನೆ. ಉತ್ತರವೂ ಸಿದ್ಧವಾಗಿರುತ್ತದೆ. ‘ಅರವತ್ತಕ್ಕೆ ಮೋಸವಿಲ್ಲ’ ಎನ್ನುವವರುಂಟು. ‘ನಮ್ಮದು ಎಪ್ಪತ್ತೈದು’ ಎಂದು ಮೀಸೆ ತಿರುವುವವರುಂಟು. ಅಳೆದು ನೋಡಿ ಹೇಳುತ್ತಿರುವವರು ಎಷ್ಟು ಮಂದಿ ಎಂದು ವಿಚಾರಿಸಿದರೆ ಮಾತ್ರ ಸಭೆ ಮೌನವಾಗುತ್ತದೆ.

ನನ್ನ ನೆರೆಮನೆಯಲ್ಲಿ ಒಬ್ಬ ಪ್ರೌಢಶಾಲೆಯ ಮೇಷ್ಟ್ರಿದ್ದಾರೆ. ಮನೆ ಮಧುಗಿರಿಯಲ್ಲಿ, ಶಾಲೆ ಪಾವಗಡದಲ್ಲಿ. ಹೋಗುವಾಗ ಸುಮಾರು ೬೦ ಕಿಲೋಮೀಟರು, ಬರುವಾಗ ಅಷ್ಟೇ. ತಿಂಗಳಿಗೆ ೨೫ ದಿನವೆಂದರೆ ೩,೦೦೦ ಕಿಲೋಮೀಟರು. ಲೆಕ್ಕದ ಅನುಕೂಲಕ್ಕಾಗಿ ಪೆಟ್ರೋಲು ಲೀಟರಿಗೆ ೧೦೦ ರೂಪಾಯಿ ಎಂದಿಟ್ಟುಕೊಳ್ಳೋಣ. ಗಾಡಿ ಲೀಟರಿಗೆ ೬೦ ಕಿಲೋಮೀಟರು ಓಡಿದರೆ ತಿಂಗಳ ವೆಚ್ಚ ೫,೦೦೦ ರೂಪಾಯಿ. ೫೦ಕ್ಕೆ ಇಳಿದರೆ ೬,೦೦೦. ಈ ಅಂತರ ವರ್ಷಕ್ಕೆ ೧೨,೦೦೦ ರೂಪಾಯಿ. ಮಧ್ಯಮ ವರ್ಗದ ಸಂಸಾರದಲ್ಲಿ ಇದು ಮಕ್ಕಳ ಪುಸ್ತಕ, ಸಮವಸ್ತ್ರಗಳ ಹಣ. ಹಬ್ಬದ ಬಟ್ಟೆಯ ಹಣ. ಹನಿಗೂಡಿದರೆ ಹಳ್ಳ ಎಂಬ ಮಾತು ನೀರಿಗೆ ಮಾತ್ರವಲ್ಲ, ಪೆಟ್ರೋಲಿಗೂ ಸಲ್ಲುತ್ತದೆ.

ಕಳೆದ ಬೇಸಗೆಯಲ್ಲಿ ಮೇಷ್ಟ್ರಿಗೆ ತಮ್ಮ ಗಾಡಿ ಹೆಚ್ಚು ಪೆಟ್ರೋಲು ಕುಡಿಯುತ್ತಿದೆಯೆಂಬ ಅನುಮಾನ ಹುಟ್ಟಿತು. ಅದು ಕಾರ್ಬುರೇಟರ್ ಕಾಲದ ಹಳೆಯ ಗಾಡಿ. ರಸ್ತೆಬದಿಯ ಮೆಕ್ಯಾನಿಕ್ ಒಬ್ಬನಿಂದ ಕಾರ್ಬುರೇಟರಿನ ತಿರುಪನ್ನು ಬಿಗಿ ಮಾಡಿಸಿದರು. ಅಷ್ಟಕ್ಕೆ ಸಮಾಧಾನವಾಗದೆ, ಇಳಿಜಾರು ಬಂದಲ್ಲೆಲ್ಲ ಎಂಜಿನ್ ಆರಿಸಿ, ನ್ಯೂಟ್ರಲ್‌ನಲ್ಲಿ ಗಾಡಿಯನ್ನು ಜಾರಬಿಡುವ ಅಭ್ಯಾಸ ಮಾಡಿಕೊಂಡರು. ಒಂದು ಸಂಜೆ ಹೀಗೆಯೇ ಇಳಿಯುತ್ತಿರುವಾಗ ತಿರುವಿನಾಚೆ ಕುರಿಯ ಮಂದೆ ರಸ್ತೆ ದಾಟುತ್ತಿತ್ತು. ಬ್ರೇಕು ಒತ್ತಿದರೂ ಗಾಡಿ ಸಕಾಲಕ್ಕೆ ನಿಲ್ಲಲಿಲ್ಲ. ರಸ್ತೆಯ ಮಗ್ಗುಲಿನ ಹೊಲಕ್ಕೆ ಇಳಿಸಿದ್ದರಿಂದ ಕುರಿಗಳೂ ಉಳಿದವು, ಮೇಷ್ಟ್ರೂ ಉಳಿದರು. ಮೊಣಕಾಲಿನ ಚರ್ಮ ಮಾತ್ರ ಉಳಿಯಲಿಲ್ಲ.

ಮರುದಿನ ನೋಡಲು ಹೋದಾಗ ಅವರ ಪತ್ನಿ ಹೇಳಿದರು: “ಅಣ್ಣಾ, ನೀವಾದರೂ ಇವರಿಗೆ ಹೇಳಿ. ಪೆಟ್ರೋಲು ಉಳಿಸಲು ಹೋಗಿ ಮನುಷ್ಯರೇ ಉಳಿಯದಿದ್ದರೆ ಆ ಉಳಿತಾಯ ಯಾರಿಗೆ?”

ಆ ಮಾತು ಮನಸ್ಸಿನಲ್ಲಿ ನಿಂತಿತು. ಕನ್ನಡ ಪಾಠ ಹೇಳುವವನಿಗೆ ಎಂಜಿನ್ನಿನ ವಿಚಾರವೇಕೆ ಎಂದು ವಾಚಕರು ನಗಬಹುದು. ಆದರೆ ಕಾಲೇಜಿನ ಭೌತಶಾಸ್ತ್ರದ ಸಹೋದ್ಯೋಗಿಯೊಬ್ಬರನ್ನೂ ಅನುಭವಿಯಾದ ಒಬ್ಬ ಹಿರಿಯ ಮೆಕ್ಯಾನಿಕ್‌ರನ್ನೂ ಹಿಡಿದು, ನಾನೂ ಮೇಷ್ಟ್ರೂ ಮೂರು ತಿಂಗಳು ಈ ಪಾಠವನ್ನು ಕಲಿತೆವು. ಕಲಿತದ್ದನ್ನು ಇಲ್ಲಿ ನಿವೇದಿಸುತ್ತೇನೆ.

ಮೊದಲು ಅಳತೆ

ರೋಗವೇನೆಂದು ತಿಳಿಯದೆ ಔಷಧಿ ಕೊಡುವ ವೈದ್ಯನಿಲ್ಲ. ಟ್ಯಾಂಕನ್ನು ತುಂಬಿಸಿ, ಮೀಟರಿನ ಅಂಕಿಯನ್ನು ಬರೆದುಕೊಳ್ಳಬೇಕು. ಇನ್ನೂರು ಮುನ್ನೂರು ಕಿಲೋಮೀಟರು ಓಡಿಸಿದ ಮೇಲೆ ಸಾಧ್ಯವಾದರೆ ಅದೇ ಬಂಕಿನಲ್ಲಿ, ಗಾಡಿಯನ್ನು ಅದೇ ರೀತಿ ನಿಲ್ಲಿಸಿ, ಮೊದಲಿನ ಮಟ್ಟಕ್ಕೆ ಮತ್ತೆ ತುಂಬಿಸಬೇಕು. ಓಡಿದ ದೂರವನ್ನು ಈಗ ಹಿಡಿಸಿದ ಲೀಟರುಗಳಿಂದ ಭಾಗಿಸಿದರೆ ಬರುವುದೇ ನಿಜವಾದ ಮೈಲೇಜು. ಒಂದು ಸಲದ ಅಳತೆಯನ್ನು ನಂಬದೆ, ಮೂರು ನಾಲ್ಕು ಸಲದ ಸರಾಸರಿಯನ್ನು ಹಿಡಿಯುವುದು ಲೇಸು. ಮೇಷ್ಟ್ರ ಗಾಡಿ ‘ಅರವತ್ತು ಕೊಡುತ್ತಿದ್ದ’ ಗಾಡಿ. ಅಳೆದಾಗ ತಿಳಿದುಬಂದುದು ೪೮!

ಪೆಟ್ರೋಲು ಎಲ್ಲಿಗೆ ಹೋಗುತ್ತದೆ?

ಒಂದು ಲೀಟರು ಪೆಟ್ರೋಲಿನಲ್ಲಿ ಅಡಗಿರುವ ಶಕ್ತಿ ಸುಮಾರು ೯ ಯೂನಿಟ್ ವಿದ್ಯುತ್ತಿಗೆ ಸಮ. ಮನೆಯ ಸಾಧಾರಣ ಫ್ಯಾನೊಂದನ್ನು ಹಗಲಿರುಳು ಐದು ದಿನ ತಿರುಗಿಸಲು ಅಷ್ಟು ಸಾಕು. ಆದರೆ ಗಾಲಿಗೆ ತಲಪುವುದು ಅದರಲ್ಲಿ ಕಾಲು ಪಾಲು, ಎಷ್ಟೋ ವೇಳೆ ಅದಕ್ಕಿಂತಲೂ ಕಡಮೆ. ಮಿಕ್ಕುದೆಲ್ಲ ಕಾವಾಗಿ ಹೊಗೆಯ ಕೊಳವೆಯಿಂದಲೂ ಎಂಜಿನ್ನಿನ ಮೈಯಿಂದಲೂ ಗಾಳಿಪಾಲಾಗುತ್ತದೆ.

ಹಿಂದೆ ನಮ್ಮ ಬಯಲುಸೀಮೆಯಲ್ಲಿ ಕಪಿಲೆ ಹೊಡೆದು ಬಾವಿಯಿಂದ ನೀರೆತ್ತುತ್ತಿದ್ದುದನ್ನು ಹಿರಿಯರು ಬಲ್ಲರು. ಎತ್ತುಗಳು ಹಗ್ಗವನ್ನು ಎಳೆದಂತೆ ಚರ್ಮದ ಬಾನಿ ಮೇಲೇರಿ ನೀರನ್ನು ಸುರಿಯುತ್ತಿತ್ತು. ಬಾನಿಯಲ್ಲಿ ತೂತಿದ್ದರೆ ಅಲ್ಲೊಂದಿಷ್ಟು ಸೋರಿಕೆ. ಮಣ್ಣಿನ ಕಾಲುವೆ ಕುಡಿದದ್ದು ಇನ್ನೊಂದಿಷ್ಟು. ಪೈರಿನ ಬುಡಕ್ಕೆ ಮುಟ್ಟಿದ್ದು ಉಳಿದದ್ದು. ಬುದ್ಧಿವಂತನಾದ ರೈತ ಎತ್ತುಗಳಿಗೆ ಹೊಡೆಯುತ್ತಿರಲಿಲ್ಲ, ಬಾನಿಯ ತೂತನ್ನು ಹೊಲಿಯುತ್ತಿದ್ದನು. ಮೋಟಾರ್ ಸೈಕಲ್ಲಿನ ಮಿತವ್ಯಯವೂ ಇಷ್ಟೇ. ಎಂಜಿನ್ನನ್ನು ಉಪವಾಸ ಕೆಡವಬಾರದು, ಸೋರಿಕೆಗಳನ್ನು ಮುಚ್ಚಬೇಕು.

ಕೆಲವು ಸೋರಿಕೆಗಳನ್ನು ಗಾಡಿ ಮಾಡುವವರೇ ಮುಚ್ಚಿದ್ದಾರೆ. ೧೯೬೧ರಿಂದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದ ಜಾವಾ ಗಾಡಿಗಳೂ ಅನಂತರದ ಯೆಜ್ಡಿಗಳೂ ಕನ್ನಡನಾಡಿನ ಹೆಮ್ಮೆಯಾಗಿದ್ದವು. ಅವು ಎರಡು ಹೊಡೆತದ ಎಂಜಿನ್‌ಗಳು. ಪೆಟ್ರೋಲಿನೊಡನೆ ಆಯಿಲ್ ಬೆರೆಸಿ ಹಾಕಬೇಕಾಗಿತ್ತು. ಸುಟ್ಟ ಅನಿಲ ಹೊರಹೋಗುವ ದ್ವಾರ ತೆರೆದಿರುವಾಗಲೇ ಹೊಸ ಮಿಶ್ರಣ ಒಳಬರುತ್ತಿದ್ದುದರಿಂದ ಅದರಲ್ಲಿ ಒಂದಂಶ ಸುಡದೆಯೇ ಹೊರಟುಹೋಗುತ್ತಿತ್ತು. ೧೯೮೫ರಲ್ಲಿ ಬಂದ ಹೀರೋ ಹೋಂಡಾ ಸಿಡಿ ೧೦೦ ನಾಲ್ಕು ಹೊಡೆತದ ಸಣ್ಣ ಎಂಜಿನ್ನನ್ನು ಜನಪ್ರಿಯಗೊಳಿಸಿತು. ಒಳಹೊರ ದಾರಿಗಳಿಗೆ ಪ್ರತ್ಯೇಕ ಕವಾಟಗಳಿರುವುದರಿಂದ ಅದರಲ್ಲಿ ಆ ನಷ್ಟ ಬಹಳ ಕಡಮೆ. ಮೈಸೂರಿನ ಕಾರ್ಖಾನೆ ೧೯೯೬ರಲ್ಲಿ ಮುಚ್ಚಿತು. ೨೦೨೦ರ ಏಪ್ರಿಲ್‌ನಲ್ಲಿ ಬಿಎಸ್-೬ ನಿಯಮ ಜಾರಿಗೆ ಬಂದಾಗ ಹೊಸ ಮೋಟಾರ್ ಸೈಕಲ್ಲುಗಳಲ್ಲಿ ಕಾರ್ಬುರೇಟರಿನ ಸ್ಥಾನವನ್ನು ಇಂಜೆಕ್ಷನ್ ಆಕ್ರಮಿಸಿತು. ಉಳಿದ ಸೋರಿಕೆಗಳು ನಮ್ಮ ಕೈಯಲ್ಲಿವೆ.

ಗಾಳಿಯ ಗೋಡೆ

ಬೆಂಗಳೂರು–ಪುಣೆ ಹೆದ್ದಾರಿ ಶಿರಾದ ಮೂಲಕ ಹಾದುಹೋಗುತ್ತದೆ. ಆ ನುಣುಪಾದ ರಸ್ತೆಯನ್ನು ಕಂಡಾಗ ಎಂಥವರಿಗೂ ಆಕ್ಸಿಲರೇಟರನ್ನು ಪೂರ್ತಿ ತಿರುಗಿಸುವ ಆಸೆಯಾಗುತ್ತದೆ. ಗಾಡಿ ಓಡುವುದೆಂದರೆ ಗಾಳಿಯನ್ನು ತಳ್ಳಿಕೊಂಡು ಹೋಗುವುದೆಂಬುದನ್ನು ನಾವು ಮರೆಯುತ್ತೇವೆ. ಗಾಳಿಯ ಪ್ರತಿರೋಧ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ೪೦ರ ವೇಗದಲ್ಲಿ ಅದು ಒಂದು ಪಾಲೆಂದರೆ ೬೦ರಲ್ಲಿ ಎರಡೂಕಾಲು ಪಾಲು, ೮೦ರಲ್ಲಿ ನಾಲ್ಕು ಪಾಲು!

ಶಿರಾದಿಂದ ತುಮಕೂರಿಗೆ ಸುಮಾರು ೫೦ ಕಿಲೋಮೀಟರು. ೬೦ರ ವೇಗದಲ್ಲಿ ಹೋದವರು ೫೦ ನಿಮಿಷದಲ್ಲಿ ತಲಪಿದರೆ, ೫೦ರ ವೇಗದಲ್ಲಿ ಹೋದವರು ೬೦ ನಿಮಿಷದಲ್ಲಿ ತಲಪುತ್ತಾರೆ. ಹತ್ತು ನಿಮಿಷ ಮುಂಚೆ ಮನೆಯಿಂದ ಹೊರಟರೆ ಆ ಲೆಕ್ಕ ತೀರಿತು. ನಿಧಾನವಾಗಿ ಹೋಗುವವರು ಎಡಬದಿಯನ್ನು ಬಿಡದಿರುವುದೂ ಅಷ್ಟೇ ಮುಖ್ಯ. ಹಿಂದಿನಿಂದ ಬರುವ ಲಾರಿಗೆ ನಮ್ಮ ಮಿತವ್ಯಯದ ವ್ರತ ತಿಳಿದಿರುವುದಿಲ್ಲ.

ಮಣಿಕಟ್ಟಿನ ಸಂಯಮ

ಹೆದ್ದಾರಿಯ ಶತ್ರು ಗಾಳಿಯಾದರೆ, ಕೊರಟಗೆರೆಯಂಥ ಊರಿನ ಪೇಟೆಬೀದಿಯಲ್ಲಿ ಶತ್ರು ಬ್ರೇಕು. ಪೆಟ್ರೋಲು ಸುಟ್ಟು ಸಂಪಾದಿಸಿದ ವೇಗವನ್ನು ಬ್ರೇಕು ಕಾವಾಗಿ ಮಾರ್ಪಡಿಸಿ ಬಿಡುತ್ತದೆ. ಹತ್ತು ಮಾರು ಮುಂದೆ ಬಸ್ಸು ನಿಂತಿರುವುದು ಕಂಡರೂ ರಭಸವಾಗಿ ನುಗ್ಗಿ, ಅದರ ಹಿಂದೆ ಗಕ್ಕನೆ ನಿಲ್ಲಿಸುವವರು ಗಳಿಸಿದ್ದನ್ನು ಆ ಕ್ಷಣವೇ ಚೆಲ್ಲಿದಂತಾಯಿತು. ದೂರದಿಂದಲೇ ಕೈ ಸಡಿಲಿಸಿದರೆ ಗಾಡಿ ತಾನಾಗಿಯೇ ನಿಧಾನವಾಗುತ್ತದೆ.

ಗೇರಿನ ವಿಷಯದಲ್ಲಿ ಮೆಕ್ಯಾನಿಕ್ ಹೇಳಿದ ಸೂತ್ರ ಚಿಕ್ಕದು: ಎಂಜಿನ್ ಕಿರುಚಬಾರದು, ನರಳಲೂ ಬಾರದು. ಎರಡನೆಯ ಗೇರಿನಲ್ಲಿ ಐವತ್ತರ ವೇಗಕ್ಕೆ ಓಡಿಸಿದರೆ ಅದು ಕಿರುಚುತ್ತದೆ. ನಾಲ್ಕನೆಯ ಗೇರಿನಲ್ಲಿ ಏರು ಹತ್ತಿಸಿದರೆ ನರಳುತ್ತದೆ. ಕ್ಲಚ್ಚನ್ನು ಅರ್ಧ ಹಿಡಿದುಕೊಂಡೇ ಓಡಿಸುವುದೂ ನಷ್ಟ. ಇನ್ನು, ಅಂಗಡಿಯ ಮುಂದೆ ಗಾಡಿಯನ್ನು ಆರಿಸದೆ ನಿಲ್ಲಿಸಿ ಹರಟುವುದು ನಮ್ಮಲ್ಲಿ ಎಷ್ಟೋ ಮಂದಿಯ ಚಾಳಿ. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು. ನಿಂತು ಉರಿಯುವ ಎಂಜಿನ್ನಿನ ಮೈಲೇಜು ಸೊನ್ನೆ.

ಧೂಳು, ಟೈರು, ಚೈನು

ನಮ್ಮ ನಾಲ್ಕೂ ತಾಲ್ಲೂಕುಗಳಲ್ಲಿ ಮಳೆ ಕಡಮೆ, ಧೂಳು ಧಾರಾಳ. ಒಂದು ತೂಕ ಪೆಟ್ರೋಲು ಚೆನ್ನಾಗಿ ಉರಿಯಲು ಸುಮಾರು ಹದಿನೈದು ತೂಕ ಗಾಳಿ ಬೇಕು. ಅಂದರೆ ಒಂದು ಲೀಟರು ಪೆಟ್ರೋಲಿನೊಡನೆ ಎಂಜಿನ್ ಸುಮಾರು ೯,೦೦೦ ಲೀಟರು ಗಾಳಿಯನ್ನು ಸೇದುತ್ತದೆ. ಅಷ್ಟೂ ಗಾಳಿ ಏರ್ ಫಿಲ್ಟರಿನ ಮೂಲಕವೇ ಹೋಗಬೇಕು. ಅದು ಕಟ್ಟಿಕೊಂಡರೆ, ಕಾರ್ಬುರೇಟರ್ ಇರುವ ಗಾಡಿಯಲ್ಲಿ ಗಾಳಿ ಕಡಮೆಯಾಗಿ ಪೆಟ್ರೋಲಿನ ಅಂಶ ಹೆಚ್ಚುತ್ತದೆ, ಹೊಗೆ ಕಪ್ಪಾಗುತ್ತದೆ. ಮೇಷ್ಟ್ರ ಗಾಡಿಯ ಫಿಲ್ಟರನ್ನು ತೆಗೆದಾಗ ಪಾವಗಡದ ರಸ್ತೆಯ ಕೆಮ್ಮಣ್ಣು ಅಂಗೈ ತುಂಬ ಉದುರಿತು. ಕೈಪಿಡಿಯಲ್ಲಿ ಹೇಳಿದ ಅವಧಿಗೆ ಮೊದಲೇ ಅದನ್ನು ನೋಡಿಸುವುದು ಧೂಳಿನ ಸೀಮೆಯವರಿಗೆ ಅವಶ್ಯಕ. ಕಾಗದದ ಫಿಲ್ಟರನ್ನು ತೊಳೆಯಬಾರದು, ಬದಲಾಯಿಸಬೇಕು.

ಟೈರಿನಲ್ಲಿ ಗಾಳಿ ಕಡಮೆಯಿದ್ದರೆ ಅದು ನೆಲಕ್ಕೆ ಒತ್ತಿ ಹಿಸುಕಿಕೊಂಡು ಉರುಳುತ್ತದೆ. ಆ ಹಿಸುಕಾಟಕ್ಕೂ ಪೆಟ್ರೋಲೇ ಖರ್ಚು. ಗಾಡಿಯ ಕೈಪಿಡಿಯಲ್ಲಿ ಮುಂದಿನ ಟೈರಿಗೆ, ಹಿಂದಿನ ಟೈರಿಗೆ, ಇಬ್ಬರು ಕುಳಿತಾಗ ಬೇರೆ ಬೇರೆ ಅಂಕಿಗಳಿರುತ್ತವೆ. ಟೈರು ತಣ್ಣಗಿರುವಾಗ, ಅಂದರೆ ಬೆಳಗ್ಗೆಯೇ, ಗಾಳಿ ನೋಡಿಸುವುದು ಉತ್ತಮ. ಒಣಗಿದ ಚೈನಿಗೆ ಎಣ್ಣೆ ಹಾಕಿ ಬಿಗಿಯನ್ನು ಸರಿಪಡಿಸಬೇಕು. ಗಾಡಿಯನ್ನು ನಡುಸ್ಟ್ಯಾಂಡಿಗೆ ಹಾಕಿ, ನ್ಯೂಟ್ರಲ್‌ನಲ್ಲಿಟ್ಟು ಹಿಂದಿನ ಗಾಲಿಯನ್ನು ಕೈಯಿಂದ ತಿರುಗಿಸಿ ನೋಡಿ. ಸಲೀಸಾಗಿ ತಿರುಗದಿದ್ದರೆ ಬ್ರೇಕು ಉಜ್ಜುತ್ತಿದೆಯೆಂದು ಅರ್ಥ. ಮೇಷ್ಟ್ರ ಗಾಡಿಯ ಗಾಲಿ ಒಂದು ಸುತ್ತೂ ಪೂರ್ತಿಯಾಗಿ ತಿರುಗಲಿಲ್ಲ. ಪ್ರತಿದಿನವೂ ಅವರು ಬ್ರೇಕನ್ನು ಅರ್ಧ ಹಿಡಿದುಕೊಂಡೇ ಪಾವಗಡಕ್ಕೆ ಹೋಗಿಬರುತ್ತಿದ್ದರು!

ಮಿತವ್ಯಯ ಬೇರೆ, ಜಿಪುಣತನ ಬೇರೆ

ಇನ್ನು ಮೇಷ್ಟ್ರು ತಾವಾಗಿ ಮಾಡಿಕೊಂಡ ಎರಡು ಉಪಾಯಗಳ ವಿಚಾರ. ಕಾರ್ಬುರೇಟರಿನ ಆ ತಿರುಪು ಮುಖ್ಯವಾಗಿ ಎಂಜಿನ್ ಸುಮ್ಮನೆ ತಿರುಗುತ್ತಿರುವಾಗಿನ ಮಿಶ್ರಣವನ್ನು ನಿಯಂತ್ರಿಸುವಂಥದು. ಅದನ್ನು ಮಿತಿಮೀರಿ ಬಿಗಿದರೆ ಪೆಟ್ರೋಲು ಸಾಲದೆ ಎಂಜಿನ್ ತಡವರಿಸುತ್ತದೆ, ಕಾಯುತ್ತದೆ. ಓಡಿಸುವವರು ಕೈಯನ್ನು ಇನ್ನಷ್ಟು ತಿರುಗಿಸುತ್ತಾರೆ. ಉಳಿತಾಯವೆಂದು ಮಾಡಿದ್ದು ಖರ್ಚಿಗೆ ದಾರಿಯಾಗುತ್ತದೆ.

ಇಳಿಜಾರಿನಲ್ಲಿ ಎಂಜಿನ್ ಆರಿಸುವುದಂತೂ ಪ್ರಾಣದೊಡನೆ ಜೂಜು. ಗೇರಿನಲ್ಲಿರುವ ಗಾಡಿಯನ್ನು ಎಂಜಿನ್ ಹಿಂದಕ್ಕೆ ಹಿಡಿದಿರುತ್ತದೆ. ನ್ಯೂಟ್ರಲ್‌ಗೆ ಬಂದೊಡನೆ ಆ ಹಿಡಿತ ತಪ್ಪಿ ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ. ಇಂಜೆಕ್ಷನ್ ಇರುವ ಅನೇಕ ಗಾಡಿಗಳಲ್ಲಿ ಗೇರಿನಲ್ಲಿಯೇ ಇಳಿಯುವಾಗ ಆಕ್ಸಿಲರೇಟರನ್ನು ಪೂರ್ತಿ ಬಿಟ್ಟರೆ ಪೆಟ್ರೋಲು ತಾನೇ ನಿಲ್ಲುತ್ತದೆ. ಹೀಗಿರುವಾಗ ಆ ಸಾಹಸದಿಂದ ದೊರೆಯುವ ಲಾಭವಾದರೂ ಏನು?

ಮೈಲೇಜಿನ ಇಳಿತಕ್ಕೆ ಯಾವಾಗಲೂ ಗಾಡಿಯೇ ಕಾರಣವೆಂದೂ ಹೇಳಲಾಗದು. ೨೦೨೩ರ ಫೆಬ್ರವರಿಯಲ್ಲಿ ಶೇಕಡಾ ೨೦ರಷ್ಟು ಎಥನಾಲ್ ಬೆರೆತ ಪೆಟ್ರೋಲಿಗೆ ಬೆಂಗಳೂರಿನಲ್ಲಿ ಚಾಲನೆ ದೊರೆಯಿತು. ಸಮ ಅಳತೆಯ ಪೆಟ್ರೋಲಿಗೆ ಹೋಲಿಸಿದರೆ ಎಥನಾಲಿನಲ್ಲಿರುವ ಶಕ್ತಿ ಸುಮಾರು ಮೂರರಲ್ಲಿ ಎರಡು ಪಾಲು ಮಾತ್ರ. ಈ ಮಿಶ್ರಣಕ್ಕೆಂದು ರೂಪಿಸದ ದ್ವಿಚಕ್ರ ವಾಹನಗಳಲ್ಲಿ ಮೈಲೇಜು ಶೇಕಡಾ ೩ರಿಂದ ೪ರಷ್ಟು ಇಳಿಯಬಹುದೆಂದು ೨೦೨೧ರ ನೀತಿ ಆಯೋಗದ ವರದಿ ಅಂದಾಜು ಮಾಡಿತ್ತು. ಐವತ್ತು ಕೊಡುತ್ತಿದ್ದ ಗಾಡಿ ನಲವತ್ತೆಂಟು ಕೊಟ್ಟರೆ ಮೆಕ್ಯಾನಿಕ್‌ನನ್ನು ಬೈದು ಫಲವಿಲ್ಲ.

ಪಾವಗಡ ತಾಲ್ಲೂಕಿನ ತಿರುಮಣಿಯ ಸುತ್ತಿನ ಐದು ಹಳ್ಳಿಗಳಲ್ಲಿ, ರೈತರಿಂದ ಗೇಣಿಗೆ ಪಡೆದ ಸುಮಾರು ೧೩,೦೦೦ ಎಕರೆಯಲ್ಲಿ, ೨,೦೫೦ ಮೆಗಾವಾಟ್ ಸಾಮರ್ಥ್ಯದ ಸೌರ ವಿದ್ಯುತ್ ಉದ್ಯಾನವಿದೆ. ೨೦೧೮ರಲ್ಲಿ ಅದರ ಮೊದಲ ಹಂತದ ಉದ್ಘಾಟನೆಯಾಯಿತು. ನಮ್ಮನ್ನು ಬೇಯಿಸುತ್ತಿದ್ದ ಬಿಸಿಲೇ ನಾಡಿಗೆ ಬೆಳಕಾಗಿದೆ. ಮೇಷ್ಟ್ರ ಮುಂದಿನ ಗಾಡಿ ವಿದ್ಯುತ್ತಿನದೇ ಆದೀತು. ಆಗಲೂ ಗಾಳಿಯ ಗೋಡೆ ಹಾಗೆಯೇ ನಿಂತಿರುತ್ತದೆ. ಟೈರು, ಬ್ರೇಕು, ಮಣಿಕಟ್ಟುಗಳ ನಿಯಮವೂ ಬದಲಾಗದು.

ಫಿಲ್ಟರು ಬದಲಾಯಿತು, ತಿರುಪು ಸ್ವಸ್ಥಾನಕ್ಕೆ ಬಂತು, ಬ್ರೇಕು ಸಡಿಲವಾಯಿತು, ವೇಗ ಐವತ್ತಕ್ಕೆ ನಿಂತಿತು. ಮೂರನೆಯ ತಿಂಗಳ ಅಳತೆ ೫೬. ತಿಂಗಳಿಗೆ ಸುಮಾರು ಒಂಬತ್ತು ಲೀಟರಿನ ಉಳಿತಾಯ. ಮೊದಲ ಉಳಿತಾಯದ ಹಣದಲ್ಲಿ ಮೇಷ್ಟ್ರು ತಂದುದು ಹಿಂದೆ ಕೂರುವ ತಮ್ಮ ಪತ್ನಿಗೊಂದು ಒಳ್ಳೆಯ ಹೆಲ್ಮೆಟ್.

ಈಗಲೂ ಬಂಕಿನಲ್ಲಿ ಯಾರಾದರೂ ಕೇಳುವುದುಂಟು: “ಎಷ್ಟು ಕೊಡುತ್ತದೆ ಮೇಷ್ಟ್ರೇ?” ಮೇಷ್ಟ್ರು ಜೇಬಿನಿಂದ ಚಿಕ್ಕ ಪುಸ್ತಕವೊಂದನ್ನು ತೆಗೆದು, ಕನ್ನಡಕ ಏರಿಸಿ, ಗಂಭೀರವಾಗಿ ಹೇಳುತ್ತಾರೆ: “ಹೋದ ತಿಂಗಳು ಐವತ್ತಾರು. ಈ ತಿಂಗಳದು ಇನ್ನೂ ಅಳೆಯಬೇಕು.”